ಕಾರ್ಣಿಕ ಕೇಳುವ ಮುಖಗಳು

ಭರತ ಹುಣ್ಣಿಮೆ ಕಳೆದು ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಡೆಂಕನಮರಡಿಯಲ್ಲಿ ಕಾರ್ಣಿಕ, ಅಂದರೆ ವರ್ಷದ ಭವಿಷ್ಯವಾಣಿ, ನಡೆಯುವ ಸಂಜೆ, ಕ್ಯಾಮೆರಾಗಳೆಲ್ಲ ಬಿಲ್ಲಿನ ಕಡೆಗೇ ತಿರುಗಿರುತ್ತವೆ. ಮೈಲಾರಲಿಂಗನ ಸೇವೆಗೆ ನಿಂತ ಗೊರವಯ್ಯ ಸುಮಾರು 15 ಅಡಿಯ ಬಿಲ್ಲನ್ನೇರಿ ‘ಸದ್ದಲೇ’ (ಸದ್ದು ಮಾಡಬೇಡಿ) ಎನ್ನುತ್ತಾರೆ, ಒಂದೇ ಸಾಲು ನುಡಿದು ಹಿಂದಕ್ಕೆ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಬೀಳುವ ಚಿತ್ರ ಬೇಕಾದವರು ಶಟರ್ ವೇಗವನ್ನು 1/1000 ಸೆಕೆಂಡಿಗಿಂತ ಇಳಿಸಬಾರದು. ಬೆಳಕು ಇಳಿಯುವ ಹೊತ್ತು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ತೋರಿಸುವ ಐಎಸ್‌ಒ 3200ಕ್ಕೆ ಏರಿದರೂ ಏರಲಿ. ಚಿತ್ರ ತರಿತರಿಯಾದರೆ ಆಮೇಲೆ ಸರಿಮಾಡಬಹುದು, ಅಲುಗಿದರೆ ಏನೂ ಮಾಡಲಾಗದು.

ನನ್ನ ಮಟ್ಟಿಗೆ ಮೈಲಾರದ ನಿಜವಾದ ಚಿತ್ರ ಇರುವುದು ಬಿಲ್ಲಿಗೆ ಬೆನ್ನು ಮಾಡಿ ನಿಂತಾಗ. ‘ಸದ್ದಲೇ’ ಎಂದೊಡನೆ ಅಷ್ಟೂ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಹೂವಿನಹಡಗಲಿಯ ಸುತ್ತಮುತ್ತ ಮಳೆಯನ್ನೇ ನಂಬಿ ಬಿತ್ತುವವರು ಬಹಳ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಅಂಥ ವರ್ಷದ ಬೆನ್ನಿಗೆ ಬರುವ ಕಾರ್ಣಿಕವನ್ನು ಜನ ಹೇಗೆ ಕೇಳುತ್ತಾರೆಂಬುದು ಕಿವಿಗೆ ಅಂಗೈ ಆನಿಸಿದ ಮುದುಕರ ಮುಖದಲ್ಲಿ ಕಾಣುತ್ತದೆ. ಇದಕ್ಕೆ 85 ಎಂಎಂ ಅಥವಾ 70-200 ಲೆನ್ಸ್ ಸಾಕು. ಜಾಗ ಮಾತ್ರ ಮಧ್ಯಾಹ್ನವೇ ಹಿಡಿದಿರಬೇಕು, ಆಮೇಲೆ ಕಾಲಿಡಲೂ ಆಗುವುದಿಲ್ಲ. ಶಟರಿನ ಟಕಟಕ ಆ ಮೌನವನ್ನು ಕೆಡಿಸುತ್ತದೆ, ಸೈಲೆಂಟ್ ಮೋಡ್ ಹಾಕಿಕೊಳ್ಳಿ. ಬೀಳುವ ಚಿತ್ರಕ್ಕೆ ಮಾತ್ರ ಅದು ಬೇಡ: ಹಲವು ಕ್ಯಾಮೆರಾಗಳಲ್ಲಿ ವೇಗವಾಗಿ ಚಲಿಸುವ ಮೈ ಓರೆಯಾಗಿ ಮೂಡುತ್ತದೆ.

ಗೊರವರ ಕರಿ ಕಂಬಳಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರನ್ನು ಮೋಸಗೊಳಿಸುತ್ತದೆ. ಕಪ್ಪು ಕಂಡ ಕ್ಯಾಮೆರಾ ಬೆಳಕು ಹೆಚ್ಚಿಸಿ ಕಂಬಳಿಯನ್ನು ಬೂದಿಬಣ್ಣ ಮಾಡುತ್ತದೆ, ಹಣೆಯ ಭಂಡಾರ, ಅಂದರೆ ಅರಿಸಿನ ಪುಡಿ, ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತನ್ನಿ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಅರಿಸಿನ ಪೇಲವವಾಗುತ್ತದೆ, ಬಿಸಿಲಿನ ಸೆಟ್ಟಿಂಗಿಗೆ ಕಟ್ಟಿಹಾಕಿ. ಗಾಳಿಯಲ್ಲಿ ಭಂಡಾರ ತೇಲುತ್ತಿರುವಾಗ ಲೆನ್ಸ್ ಬದಲಿಸಲೇಬೇಡಿ, ಪುಡಿ ಸೆನ್ಸರಿಗೆ ಹೋಗುತ್ತದೆ. ಲೆನ್ಸಿನ ಮೇಲೆ ಬಿದ್ದದ್ದನ್ನು ಮೊದಲು ಬ್ಲೋವರಿನಿಂದ ಊದಿ. ಒದ್ದೆ ಬಟ್ಟೆ ತಾಗಿದರೆ ಹಳದಿ ಕಲೆ ಹರಡಿಕೊಳ್ಳುತ್ತದೆ.

ತೀರಾ ಎಚ್ಚರ ಬೇಕಾದದ್ದು ದೋಣಿ ಸೇವೆಯಲ್ಲಿ. ದೋಣಿ ಎಂಬ ಪಾತ್ರೆಗೆ ಹಾಲು, ಬಾಳೆಹಣ್ಣು ಹಾಕುತ್ತಾರೆ; ಗೊರವರು ನಾಯಿಗಳಂತೆ ಬೊಗಳುತ್ತ ಬಾಯಿಟ್ಟು ತಿನ್ನುತ್ತಾರೆ. ಅದು ದೇವರ ಬಂಟರ ಸೇವೆ, ಹರಕೆ ಹೊತ್ತವರ ಭಾಗ್ಯ. ನಿಂತು ಮೇಲಿಂದ ತೆಗೆದರೆ ಹಸಿದವರು ನೆಲಕ್ಕೆ ಬಿದ್ದು ತಿನ್ನುವ ಹಾಗೆ ಕಾಣುತ್ತದೆ. ಬಡ ಸೀಮೆಯ ಚಿತ್ರವೆಂದು ನೋಡುವವರು ಅದನ್ನೇ ನಂಬಿಬಿಡುತ್ತಾರೆ, ಇದು ನನಗೆ ಸಹಿಸಲಾಗದ ಅನ್ಯಾಯ. ಮೊಣಕಾಲೂರಿ ದೋಣಿಯ ಮಟ್ಟಕ್ಕೆ ಬನ್ನಿ. 35 ಎಂಎಂ ಲೆನ್ಸಿನಲ್ಲಿ ಹಾಲು ಎರೆಯುವ ಕೈ, ಕೈಮುಗಿದು ನಿಂತ ಮನೆಯವರು, ಕರಡಿ ಕೂದಲಿನ ಟೊಪ್ಪಿಗೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬರಲಿ. ಶುರುವಾಗುವ ಮೊದಲೇ ಹಿರಿಯ ಗೊರವರ ಹತ್ತಿರ ಕೂತು ‘ಫೋಟೋ ತೆಗೀಬಹುದಾ ಯಜಮಾನ್ರೇ?’ ಎಂದು ಕೇಳಿ. ಬೇಡವೆಂದರೆ ಕ್ಯಾಮೆರಾ ಚೀಲಕ್ಕೆ. ಒಪ್ಪಿದವರ ಊರು ಬರೆದುಕೊಂಡು ಪ್ರಿಂಟ್ ಕಳಿಸಿ. ಮೊಬೈಲಿಗೆ ಕಳಿಸಿದ್ದನ್ನು ಗೋಡೆಗೆ ಹಾಕಿಕೊಳ್ಳಲಾಗುವುದಿಲ್ಲ.