ಮಳೆಗಾಲ ತರಿಸಲು ಹೋಗಿ ಕಳೆದುಕೊಂಡ ಪಾಂಡಾ ಕೋರಿಗಳು

ಅಲಂಕಾರಿಕ ಮೀನುಗಳ ಮರಿ ಮಾಡಿಸುವ ಘಟಕವೊಂದರಲ್ಲಿ ಕೋರಿಡೋರಸ್ ಕ್ಯಾಟ್‌ಫಿಶ್‌ಗಳ ಹೊಣೆ ನನ್ನದು. ದಕ್ಷಿಣ ಅಮೆರಿಕದ ಮೃದು ನೀರಿನ ಹೊಳೆಗಳಿಂದ ಬಂದ ಈ ಮೀನುಗಳಲ್ಲಿ ಹಲವು ಜಾತಿಗಳು ಮಳೆನೀರು ಸೇರಿ ಹೊಳೆ ತಣ್ಣಗಾದಾಗ ಮೊಟ್ಟೆಯಿಡುತ್ತವೆ. ಆದ್ದರಿಂದ ಟ್ಯಾಂಕಿನ ಅರ್ಧಕ್ಕೂ ಹೆಚ್ಚು ನೀರನ್ನು ತೆಗೆದು, ಮೂರ್ನಾಲ್ಕು ಡಿಗ್ರಿ ತಂಪಾದ ಮೃದು ನೀರನ್ನು ತುಂಬಿ, ಅವುಗಳಿಗೆ ಮಳೆಗಾಲ ಬಂತೆಂಬ ಭ್ರಮೆ ಹುಟ್ಟಿಸುವುದು ನಮ್ಮ ಕೆಲಸದ ಭಾಗ.

ಆ ಸಲ ಕೋರಿಡೋರಸ್‌ಗಳಲ್ಲೇ ಒಂದು ಜಾತಿಯಾದ ಪಾಂಡಾ ಕೋರಿಗಳನ್ನು ಮೊಟ್ಟೆಯಿಡಲು ಸಿದ್ಧಪಡಿಸಲೆಂದು ವಾರಗಟ್ಟಲೆ ಬ್ಲಡ್‌ವರ್ಮ್ ಎಂಬ ಕೆಂಪು ಹುಳುಗಳನ್ನು ಧಾರಾಳವಾಗಿ ಹಾಕಿದ್ದೆ. ಪಿಎಚ್ 5.8 ತೋರಿಸುತ್ತಿದ್ದುದನ್ನು ಕಂಡು ಒಳಗೊಳಗೇ ಹಿಗ್ಗಿದ್ದೆನೇ ಹೊರತು, ನೀರಿನ ಕ್ಷಾರೀಯತೆಯನ್ನು, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಶಕ್ತಿಯನ್ನು, ತಿಳಿಸುವ ಕೆಎಚ್ ಸೊನ್ನೆಗೆ ಇಳಿದಿರುವುದನ್ನು ಅಳೆದು ನೋಡಿರಲಿಲ್ಲ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಾಗಳು ಕೆಎಚ್ ಅನ್ನು ಬಳಸಿ ಖಾಲಿ ಮಾಡುತ್ತಲೇ ದುಡಿಯುತ್ತವೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಅವುಗಳ ದುಡಿಮೆಯೇ ಕುಂಠಿತವಾಗುತ್ತದೆ. ಹೀಗೆ ಉಳಿದ ತ್ಯಾಜ್ಯವೆಲ್ಲ ಆಮ್ಲೀಯ ನೀರಿನಲ್ಲಿ ಹೆಚ್ಚು ಹಾನಿ ಮಾಡದ ಅಮೋನಿಯಂ ರೂಪದಲ್ಲಿ ಸದ್ದಿಲ್ಲದೆ ಸೇರಿಕೊಂಡಿತ್ತು.

ನೀರು ಬದಲಿಸುವ ದಿನ, ಲವಣಗಳನ್ನು ಸೋಸಿ ತೆಗೆದ ಆರ್‌ಒ ನೀರು ಸಾಲಲಿಲ್ಲ. ಕ್ಲೋರಿನ್ ತೆಗೆದಿಟ್ಟಿದ್ದ ಗಡಸು ನಲ್ಲಿ ನೀರನ್ನು ಧಾರಾಳವಾಗಿ ಬೆರೆಸಿ ತುಂಬಿದೆ. ಸ್ವಲ್ಪ ಹೊತ್ತಿನಲ್ಲೇ ಮೀನುಗಳು ಮತ್ತೆ ಮತ್ತೆ ಮೇಲ್ಮೈಗೆ ನುಗ್ಗಿ ಗಾಳಿ ನುಂಗತೊಡಗಿದವು. ಕೋರಿಗಳು ಕರುಳಿನ ಮೂಲಕವೂ ಉಸಿರಾಡುವುದರಿಂದ ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಗಾಳಿ ನುಂಗುವುದು ಸಹಜ. ಅದನ್ನೇ ನಾನು ಬೆದೆಯ ಲವಲವಿಕೆಯೆಂದು ತಿಳಿದು ಊಟಕ್ಕೆ ಹೋದೆ (ಇಂದಿಗೂ ಆ ಊಟ ನೆನಪಾದರೆ ಮುಜುಗರವಾಗುತ್ತದೆ). ಮರಳಿ ಬಂದಾಗ ಕಿವಿರುಗಳು ಕೆಂಪಾಗಿ, ಅರ್ಧದಷ್ಟು ಮೀನುಗಳು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು. ಪಿಎಚ್ 7.6ಕ್ಕೆ ಏರಿತ್ತು. ಪಿಎಚ್ ಒಂದು ಅಂಕ ಏರಿದರೆ ವಿಷಕಾರಿ ಅಮೋನಿಯಾದ ಪಾಲು ಸರಿಸುಮಾರು ಹತ್ತು ಪಟ್ಟಾಗುತ್ತದೆ ಎಂಬುದು ನನಗೆ ಓದಿ ಗೊತ್ತಿದ್ದ ಸಂಗತಿಯೇ ಆಗಿತ್ತು.

ಈಗ ನೀರು ಬದಲಿಸುವ ಮುನ್ನ ಹಳೆಯ ನೀರಿನ ಒಟ್ಟು ಅಮೋನಿಯಾ ಮತ್ತು ಕೆಎಚ್, ಹೊಸ ನೀರಿನ ಪಿಎಚ್, ಈ ಮೂರನ್ನೂ ಬರೆದಿಟ್ಟ ನಂತರವೇ ಪೈಪಿಗೆ ಕೈ ಹಾಕುತ್ತೇನೆ. ಅಮೋನಿಯಾ ಕಂಡರೆ ಮಳೆಗಾಲದ ಯೋಚನೆಯನ್ನೇ ಕೈಬಿಟ್ಟು, ಹಳೆಯ ಪಿಎಚ್‌ಗೆ ಹೊಂದುವ ನೀರಿನಿಂದ ದಿನಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಬದಲಿಸುತ್ತಾ ಹೋಗುತ್ತೇನೆ. ಬದುಕುಳಿದ ಪಾಂಡಾಗಳಿಗೆ ಎರಡು ತಿಂಗಳ ಬಳಿಕ ತಂಪಾದ ಮೃದು ನೀರು ಕೊಟ್ಟೆ. ಮೂರನೆಯ ಬೆಳಿಗ್ಗೆ ಹೆಣ್ಣೊಂದು ಹೊಟ್ಟೆಯಡಿಯ ಈಜುರೆಕ್ಕೆಗಳ ನಡುವೆ ಮೊಟ್ಟೆಯನ್ನು ಹಿಡಿದುಕೊಂಡು, ಗಾಜಿನುದ್ದಕ್ಕೂ ಅಂಟಿಸಲು ಜಾಗ ಹುಡುಕುತ್ತಿತ್ತು.