ಮೊದಲು ಯಾರ ಹತ್ತಿರ ಹೋಗಬೇಕು?

ವಿಪತ್ತು ಬಂದಾಗ ಮೊದಲು ಓಡಿ ಬರುವವರು ಡಾಕ್ಟರಲ್ಲ, ಪಕ್ಕದ ಮನೆಯವರು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದಾಗ ಆಂಬುಲೆನ್ಸ್ ಬರುವುದಾದರೂ ಹೇಗೆ? ಅದಕ್ಕೇ ಊರಿನ ಜನರಿಗೇ ತರಬೇತಿ ಕೊಡುವ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ ಯೋಜನೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಬ್ಯಾಂಡೇಜ್ ಕಟ್ಟುವುದು, ಸ್ಟ್ರೆಚರ್ ಎತ್ತುವುದು ಬೇಗ ಬರುತ್ತದೆ. ಕಷ್ಟ ಇರುವುದು ಟ್ರಯಾಜ್‌ನಲ್ಲಿ, ಅಂದರೆ ಯಾರನ್ನು ಮೊದಲು ನೋಡಬೇಕು ಅನ್ನುವ ತೀರ್ಮಾನದಲ್ಲಿ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ಸ್ಟಾರ್ಟ್’ ಪದ್ಧತಿಯಲ್ಲಿ, ನಡೆಯಲು ಆಗುವವರನ್ನು ಮೊದಲು ಒಂದು ಕಡೆ ಕರೆಯುತ್ತಾರೆ. ಅವರಿಗೆ ಹಸಿರು ಪಟ್ಟಿ. ಉಳಿದವರಲ್ಲಿ ಉಸಿರಾಟ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ, ಉಗುರು ಒತ್ತಿ ಬಿಟ್ಟ ಮೇಲೆ 2 ಸೆಕೆಂಡಿನೊಳಗೆ ಬಣ್ಣ ಮರಳದಿದ್ದರೆ, ಇಲ್ಲವೇ ‘ಕಣ್ಣು ಮುಚ್ಚಿ’ ಅಂದರೆ ಮುಚ್ಚಲು ಆಗದಿದ್ದರೆ ಕೆಂಪು ಪಟ್ಟಿ. ಅವರೇ ಮೊದಲು. ಮೂರೂ ಸರಿಯಿದ್ದರೆ ಹಳದಿ. ಉಸಿರೇ ಇಲ್ಲದವರ ಗಂಟಲಿನ ದಾರಿ ತೆರೆದು ನೋಡುತ್ತಾರೆ. ಉಸಿರು ಬಂದರೆ ಕೆಂಪು, ಬರದಿದ್ದರೆ ಕಪ್ಪು ಪಟ್ಟಿ ಕಟ್ಟಿ ಮುಂದಕ್ಕೆ ಹೋಗಬೇಕು. ಹಳ್ಳಿಯಲ್ಲಿ ಆ ಕಪ್ಪು ಪಟ್ಟಿ ಗೊತ್ತಿರುವವರ ಕೈಗೇ ಕಟ್ಟಬೇಕಾಗಬಹುದು, ಅಲ್ವಾ? ಪುಸ್ತಕ ಓದಿದರೆ ಅದಕ್ಕೆ ಮನಸ್ಸು ಗಟ್ಟಿಯಾಗುವುದಿಲ್ಲ.

ಆದ್ದರಿಂದ ಸುಮ್ನೆ ಸಭಾಂಗಣದಲ್ಲಿ ಕೂರಿಸಿ ಸರ್ಟಿಫಿಕೇಟ್ ಕೊಟ್ಟರೆ ಸಾಲದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಕತ್ತಲಲ್ಲಿ, ಕೆಸರಲ್ಲಿ, ಗಾಯಗೊಂಡವರಂತೆ ನಟಿಸುವವರು ಕೂಗಾಡುತ್ತಿರುವಾಗಲೇ ಅಣಕು ಕಾರ್ಯಾಚರಣೆ ಆಗಬೇಕು. ಅದು ಮುಗಿದ ಮೇಲೆ ಆ ಸ್ವಯಂಸೇವಕರ ಜೊತೆ ಕೂತು ಮಾತಾಡುವ ಒಬ್ಬ ಆಪ್ತಸಮಾಲೋಚಕರೂ ಬೇಕು.