ಶನಿವಾರ ರಾತ್ರಿ ಸುತ್ತಿಟ್ಟ ಸಿನಮನ್ ರೋಲ್

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರನ್ನೂ ಕೂಗಿ ಎಬ್ಬಿಸಬೇಕಾಗಿಲ್ಲ. ಓವನ್‌ನಿಂದ ಚಕ್ಕೆ, ಬೆಣ್ಣೆ, ಸಕ್ಕರೆ ಸೇರಿದ ಘಮ ಬರಲು ಶುರುವಾದ ಹತ್ತು ನಿಮಿಷಕ್ಕೆ ಮಕ್ಕಳಿಬ್ಬರೂ ಕಣ್ಣುಜ್ಜಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾರೆ. ಆ ಹೊತ್ತು ನನಗೆ ತುಂಬಾ ಇಷ್ಟ.

ಆದರೆ ಮೊದಲ ಸಲ ಮಾಡಿದಾಗ ಹೀಗಿರಲಿಲ್ಲ. ಬೆಳಿಗ್ಗೆ 5 ಗಂಟೆಗೇ ಎದ್ದು ಹಿಟ್ಟು ನಾದಿದೆ, ಅಡುಗೆಮನೆ ತಣ್ಣಗಿತ್ತು, ಹಿಟ್ಟು ಉಬ್ಬಲೇ ಇಲ್ಲ, ಕಾದೆ, ಮತ್ತೆ ಕಾದೆ, ಅಷ್ಟರಲ್ಲಿ ಮಕ್ಕಳಿಗೆ ಹಸಿವಾಗಿ ಬ್ರೆಡ್ ತಿಂದು ಮುಗಿಸಿದರು. ರೋಲ್ ಓವನ್‌ನಿಂದ ಹೊರಬಂದಾಗ ಹತ್ತೂವರೆ. ರುಚಿ ಚೆನ್ನಾಗೇ ಇತ್ತು, ಆದರೆ ತಿನ್ನುವವರಿಗೆ ಹಸಿವಿರಲಿಲ್ಲ, ನಾನು ಸಿಂಕ್ ಮುಂದೆ ಪಾತ್ರೆ ಉಜ್ಜುತ್ತಾ ನಿಂತಿದ್ದೆ. ಎಲ್ಲರೂ ಒಟ್ಟಿಗೆ ಕೂತು ತಿನ್ನಲಿ ಅಂತ ಮಾಡಿದ ತಿಂಡಿ, ಮಾಡಿದವಳೇ ಮೇಜಿನ ಹತ್ತಿರ ಇಲ್ಲದಿದ್ದರೆ ಏನು ಬಂತು? ಅವತ್ತಿನಿಂದ ಹಿಟ್ಟಿನ ಕೆಲಸವೆಲ್ಲ ಹಿಂದಿನ ರಾತ್ರಿಯೇ. ಬೆಳಿಗ್ಗೆ ಬೇಯಿಸುವುದು ಮಾತ್ರ.

ಹಾಗೆ ಮಾಡಬಹುದು ಅನ್ನುವುದಕ್ಕೆ ಕಾರಣ ಯೀಸ್ಟ್. ಬೆಚ್ಚಗಿದ್ದರೆ ಅದು ಬೇಗ ಬೇಗ ಹಿಟ್ಟಿನ ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಹಿಟ್ಟು ಉಬ್ಬುತ್ತದೆ. ಫ್ರಿಜ್‌ನ 4 ಡಿಗ್ರಿ ಚಳಿಯಲ್ಲಿ ಸಾಯುವುದಿಲ್ಲ, ಸುಮ್ನೆ ನಿಧಾನವಾಗುತ್ತದೆ. ರಾತ್ರಿಯಿಡೀ ನಿಧಾನವಾಗಿ ಹುದುಗಿದ ಹಿಟ್ಟಿಗೆ ರುಚಿಯೂ ಜಾಸ್ತಿ. ನಮಗೆ ನಿದ್ದೆಯೂ ಸಿಕ್ಕಿತು, ಹಿಟ್ಟಿಗೂ ಒಳ್ಳೆಯದಾಯಿತು.

ನಾನು ತೆಗೆದುಕೊಳ್ಳುವುದು 500 ಗ್ರಾಂ ಮೈದಾ, 75 ಗ್ರಾಂ ಸಕ್ಕರೆ, ಒಂದು ಟೀ ಚಮಚ ಉಪ್ಪು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 250 ಮಿಲಿ ಹಾಲು, ಒಂದು ಮೊಟ್ಟೆ, 75 ಗ್ರಾಂ ಮೆತ್ತಗಾದ ಬೆಣ್ಣೆ. ಮೊಟ್ಟೆ ಬೇಡ ಅನ್ನುವವರು ಹಾಲನ್ನು 290 ಮಿಲಿವರೆಗೆ ಏರಿಸಿದರೆ ಆಯಿತು, ನಾನು ಹಾಗೂ ಮಾಡಿದ್ದೇನೆ, ಮೆತ್ತಗೇ ಬರುತ್ತದೆ. ಹಾಲು ಉಗುರು ಬೆಚ್ಚಗಿರಬೇಕು. ಬೆರಳಿಟ್ಟರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು, ಅಂದರೆ ಹೆಚ್ಚುಕಡಿಮೆ 37 ಡಿಗ್ರಿ. 60 ಡಿಗ್ರಿಯ ಹತ್ತಿರ ಹೋದರೆ ಯೀಸ್ಟ್ ಸತ್ತೇ ಹೋಗುತ್ತದೆ, ಆಮೇಲೆ ಎಷ್ಟು ಕಾದರೂ ಹಿಟ್ಟು ಏಳುವುದಿಲ್ಲ.

ನಾದುವುದರಲ್ಲಿ ಅವಸರ ಬೇಡ. ಬೆಣ್ಣೆ ಬಿಟ್ಟು ಉಳಿದದ್ದೆಲ್ಲ ಕಲಸಿ, ಹಿಟ್ಟು ಒಂದು ಹದಕ್ಕೆ ಬಂದ ಮೇಲೆ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಬೆಣ್ಣೆ ಬಿದ್ದ ಕೂಡಲೇ ಎಲ್ಲ ಜಾರಿ, ಅಂಟಿ, ಕೈತುಂಬ ಆಗಿ, ಇದು ಕೆಟ್ಟಿತು ಅನಿಸುತ್ತದೆ. ಆಗ ಮೇಲಿಂದ ಮೈದಾ ಸುರಿಯಬೇಡಿ, ದಯವಿಟ್ಟು. ಮೈದಾ ಜಾಸ್ತಿಯಾದರೆ ರೋಲ್ ಮಾರನೇ ದಿನಕ್ಕೆ ಕಲ್ಲಿನಂತಾಗುತ್ತದೆ. ಇನ್ನೂ ಐದು ನಿಮಿಷ ನಾದಿ ನೋಡಿ, ತಾನೇ ನುಣ್ಣಗಾಗುತ್ತದೆ. ಒಟ್ಟು ಹತ್ತು ಹನ್ನೆರಡು ನಿಮಿಷ ನಾದಿದ ಮೇಲೆ ಒಂದು ಚಿಕ್ಕ ಉಂಡೆ ತೆಗೆದು ಎರಡೂ ಕೈಯಲ್ಲಿ ಎಳೆಯಿರಿ. ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗೆ ಹಿಗ್ಗಿದರೆ ಹದ ಬಂದಿದೆ ಅಂತ ಅರ್ಥ.

ಮುಚ್ಚಿಟ್ಟು ಬೆಚ್ಚಗಿನ ಜಾಗದಲ್ಲಿ ಇಡಿ. ಒಂದು ಗಂಟೆ, ಒಂದೂವರೆ ಗಂಟೆ, ಅಡುಗೆಮನೆ ಹೇಗಿದೆಯೋ ಹಾಗೆ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಎರಡರಷ್ಟಾದರೆ ಸಾಕು.

ಈಗ ಚಕ್ಕೆಯ ವಿಷಯ. ನಾವು ಚಕ್ಕೆ ಅಂತ ಒಂದೇ ಹೆಸರಲ್ಲಿ ಕರೆಯುವುದು ಎರಡು ಬೇರೆ ಮರಗಳ ತೊಗಟೆ. ಒಂದು ಕ್ಯಾಸಿಯಾ: ದಪ್ಪ, ಗಟ್ಟಿ, ಖಾರದ ವಾಸನೆ. ಇನ್ನೊಂದು ಶ್ರೀಲಂಕಾದ ಸಿಲೋನ್ ಚಕ್ಕೆ: ಕಾಗದದಷ್ಟು ತೆಳ್ಳಗಿನ ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ವಾಸನೆ ಮೃದು, ಸ್ವಲ್ಪ ಸಿಹಿ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ಅಂಶ ಜಾಸ್ತಿ ಇರುತ್ತದೆ, ಅದನ್ನು ದಿನಾ ತುಂಬಾ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ಸಿಲೋನ್ ಚಕ್ಕೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಪದೇ ಪದೇ ಮಾಡುತ್ತೇನೆ ಅನ್ನುವವರಿಗೆ ಸಿಲೋನ್ ಒಳ್ಳೆಯದು. ಯಾವುದಾದರೂ ಸರಿ, ಇಡಿಯಾಗಿ ತಂದು ಬೇಕಾದಾಗ ಪುಡಿ ಮಾಡಿಕೊಳ್ಳಿ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಪುಡಿಯಲ್ಲಿ ಬಣ್ಣ ಉಳಿದಿರುತ್ತದೆ, ಘಮ ಹೋಗಿರುತ್ತದೆ.

ಘಮ ಜಾಸ್ತಿ ಬರಲಿ ಅಂತ ನಾನೊಮ್ಮೆ ಹಿಟ್ಟಿಗೇ ಎರಡು ಚಮಚ ಚಕ್ಕೆ ಪುಡಿ ಸುರಿದಿದ್ದೆ. ಹಿಟ್ಟು ಅರ್ಧಕ್ಕೇ ನಿಂತಿತು. ಚಕ್ಕೆಗೆ ವಾಸನೆ ಕೊಡುವ ಸಿನಮಾಲ್ಡಿಹೈಡ್ ಇದೆಯಲ್ಲ, ಅದೇ ಯೀಸ್ಟನ್ನು ತಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಚಕ್ಕೆಯ ಜಾಗ ಹೂರಣದಲ್ಲಿ, ಹಿಟ್ಟಿನಲ್ಲಲ್ಲ. ಹಿಟ್ಟಿಗೆ ಏನಾದರೂ ಹಾಕಲೇಬೇಕು ಅನಿಸಿದರೆ ಒಂದು ಟೀ ಚಮಚ ಏಲಕ್ಕಿ ಪುಡಿ ಹಾಕಿ. ಸ್ವೀಡನ್‌ನವರ ಕನೆಲ್‌ಬುಲ್ಲೆ ಅನ್ನುವ ಚಕ್ಕೆ ಬನ್ನಿನ ಗುಟ್ಟು ಅದೇ. ನನಗಂತೂ ಈಗ ಏಲಕ್ಕಿ ಇಲ್ಲದೆ ಮಾಡಲು ಮನಸ್ಸೇ ಬರುವುದಿಲ್ಲ.

ಹೂರಣಕ್ಕೆ 80 ಗ್ರಾಂ ಬೆಣ್ಣೆ, 120 ಗ್ರಾಂ ಬ್ರೌನ್ ಶುಗರ್, ಒಂದೂವರೆ ದೊಡ್ಡ ಚಮಚ ಚಕ್ಕೆ ಪುಡಿ, ಒಂದು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಅದಿಲ್ಲದಿದ್ದರೆ ಬರೀ ಸಿಹಿ. ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಕರಗಿದ ಬೆಣ್ಣೆ ಸುತ್ತುವಾಗಲೇ ಪಕ್ಕದಿಂದ ಸೋರಿ, ಸಕ್ಕರೆಯನ್ನೂ ಕರೆದುಕೊಂಡು ಟ್ರೇ ತಳಕ್ಕೆ ಹೋಗಿ ಸೀಯುತ್ತದೆ. ಎಲ್ಲವನ್ನೂ ಮೊದಲೇ ಪೇಸ್ಟ್ ತರಹ ಕಲಸಿಕೊಂಡು ಹಚ್ಚಿದರೆ ಸಕ್ಕರೆ ಉದುರುವುದೂ ಇಲ್ಲ.

ಹಿಟ್ಟನ್ನು 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ. ಲಟ್ಟಿಸುವಾಗ ಹಿಟ್ಟು ಹಿಂದೆ ಹಿಂದೆ ಎಳೆದುಕೊಂಡರೆ ಜಗಳ ಬೇಡ, ಐದು ನಿಮಿಷ ಬಿಟ್ಟುಬಿಡಿ, ಆಮೇಲೆ ಹೇಳಿದ ಮಾತು ಕೇಳುತ್ತದೆ. ಹೂರಣ ಹಚ್ಚಿ ಉದ್ದದ ಬದಿಯಿಂದ ಚಾಪೆಯಂತೆ ಸುತ್ತಿ. ತುಂಬಾ ಬಿಗಿಯಾಗಿ ಸುತ್ತಿದರೆ ಬೇಯುವಾಗ ನಡುವಿನ ಸುರುಳಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಕತ್ತರಿಸಲು ಚಾಕು ಬೇಡ, ದಾರ ಸಾಕು. ದಾರವನ್ನು ಸುರುಳಿಯ ಕೆಳಗೆ ತೂರಿಸಿ, ಎರಡೂ ತುದಿಯನ್ನು ಮೇಲೆ ಅಡ್ಡಡ್ಡ ತಂದು ಎಳೆದರೆ ಚಪ್ಪಟೆಯಾಗದೆ ದುಂಡಗೆ ತುಂಡಾಗುತ್ತದೆ. ಈ ಕೆಲಸ ನಮ್ಮ ಮನೆಯಲ್ಲಿ ಮಕ್ಕಳದ್ದು. ದೊಡ್ಡವಳು ಸ್ಕೇಲ್ ಇಟ್ಟು ಗುರುತು ಮಾಡುತ್ತಾಳೆ, ಚಿಕ್ಕವನು ದಾರ ಎಳೆಯುತ್ತಾನೆ, ಒಂದೊಂದು ತುಂಡು ಬೀಳುವಾಗಲೂ ಅವನಿಗೆ ಹೊಸದಾಗಿ ಖುಷಿ. ಒಂದು ದಪ್ಪ, ಒಂದು ಸಣ್ಣ ಆಗುತ್ತದೆ. ಆಗಲಿ.

12 ತುಂಡನ್ನು ಬೆಣ್ಣೆ ಸವರಿದ ಟ್ರೇಯಲ್ಲಿ ಸ್ವಲ್ಪ ಜಾಗ ಬಿಟ್ಟು ಜೋಡಿಸಿ, ಗಾಳಿಯಾಡದಂತೆ ಮುಚ್ಚಿ ಫ್ರಿಜ್‌ನಲ್ಲಿಡಿ. ಸರಿಯಾಗಿ ಮುಚ್ಚದಿದ್ದರೆ ಮೇಲೆ ಒಣಗಿ ಪೊರೆ ಕಟ್ಟುತ್ತದೆ.

ಬೆಳಿಗ್ಗೆ ಮೊದಲು ಎದ್ದವರು ಟ್ರೇ ಹೊರಗಿಡಬೇಕು, ಅಷ್ಟೇ. ತಣ್ಣಗಿನ ಹಿಟ್ಟಿಗೆ ಚಳಿ ಬಿಟ್ಟು ಉಬ್ಬಲು ಒಂದು ಗಂಟೆಯಾದರೂ ಬೇಕು. ಬೇಗ ಆಗಬೇಕೆಂದರೆ ಆರಿಸಿದ ಓವನ್‌ನಲ್ಲಿ ಟ್ರೇ ಇಟ್ಟು, ಕೆಳಗೆ ಒಂದು ಪಾತ್ರೆ ಬಿಸಿನೀರಿಟ್ಟು ಬಾಗಿಲು ಮುಚ್ಚಿ. ತುಂಡುಗಳು ಒಂದಕ್ಕೊಂದು ತಾಗುವಷ್ಟು ಉಬ್ಬಿ, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗುಳಿ ನಿಧಾನವಾಗಿ ಮೇಲೆ ಬಂದರೆ ರೆಡಿ. ಟ್ರೇ ಹೊರಗೆ ತೆಗೆದು ಓವನ್ ಅನ್ನು 180 ಡಿಗ್ರಿಗೆ ಕಾಯಿಸಿ, 22ರಿಂದ 25 ನಿಮಿಷ ಬೇಯಿಸಿ. ಮೇಲೆ ಹೊನ್ನಿನ ಬಣ್ಣ ಬಂದರೆ ಸಾಕು. ಇನ್ನೂ ಕೆಂಪಗಾಗಲಿ ಅಂತ ಬಿಟ್ಟರೆ ಒಳಗೆ ಒಣಗುತ್ತದೆ.

ಮೇಲೆ ಸುರಿಯಲು 100 ಗ್ರಾಂ ಐಸಿಂಗ್ ಶುಗರ್‌ಗೆ ಎರಡು ಚಮಚ ಹಾಲು. ರೋಲ್ ಬೆಚ್ಚಗಿರುವಾಗ ಸುರಿದರೆ ಸುರುಳಿಯ ಸಂದಿಗೆಲ್ಲ ಇಳಿಯುತ್ತದೆ, ಪೂರ್ತಿ ಆರಿದ ಮೇಲಾದರೆ ಬಿಳಿ ಗೆರೆಯಾಗಿ ನಿಲ್ಲುತ್ತದೆ. ನಮಗೆ ಇಳಿದದ್ದೇ ಇಷ್ಟ. ಉಳಿದರೆ ಮಾರನೇ ದಿನ ಮೈಕ್ರೋವೇವ್‌ನಲ್ಲಿ 20 ಸೆಕೆಂಡ್, ಮತ್ತೆ ಮೆತ್ತಗಾಗುತ್ತದೆ. ಆದರೆ ಫ್ರಿಜ್‌ನಲ್ಲಿಡಬೇಡಿ, ಬೆಂದ ಬನ್ ಅಲ್ಲಿ ಬೇಗ ಗಟ್ಟಿಯಾಗುತ್ತದೆ.

ಟ್ರೇಯಲ್ಲಿ ನಾಲ್ಕು ಮೂರರ ಸಾಲು ಜೋಡಿಸಿದರೆ ನಡುವೆ ಬರುವುದು ಎರಡೇ ರೋಲ್. ಅವಕ್ಕೆ ಗಟ್ಟಿ ಅಂಚೇ ಇರುವುದಿಲ್ಲ, ಸುತ್ತಲೂ ಮೆತ್ತಗೆ, ತಳದಲ್ಲಿ ಅಂಟು ಅಂಟು ಸಕ್ಕರೆ. ನಾವು ನಾಲ್ಕು ಜನ, ಎಲ್ಲರಿಗೂ ಅದೇ ಬೇಕು. ಅದಕ್ಕೆ ಪಾಳಿ ಮಾಡಿಕೊಂಡಿದ್ದೇವೆ: ಒಂದು ವಾರ ಮಕ್ಕಳಿಗೆ, ಇನ್ನೊಂದು ವಾರ ನಮಗೆ. ಹೋದ ಭಾನುವಾರ ಮಕ್ಕಳದ್ದಾಯಿತು. ಈಗ ಶನಿವಾರ ರಾತ್ರಿ ಒಂಬತ್ತೂವರೆ, ಟ್ರೇ ಫ್ರಿಜ್‌ನಲ್ಲಿದೆ, ಪಾತ್ರೆ ತೊಳೆದಾಗಿದೆ, ನಾಳೆ ನಡುವಿನದು ನನ್ನದು.